ಒಬ್ಬರಿಗೆ ಸಲೈನ್ ಬಾಟ್ಲಿ, ಪಕ್ಕದವರಿಗೆ ಗ್ಲೂಕೋಸ್ ಬಾಟ್ಲಿ: ಕೀಮೋ ಔಷಧಿಗಳು ಒಳಗೆ ಹೋಗಿ ಏನು ಮಾಡುತ್ತವೆ?

ಮೇಷ್ಟ್ರು_ಸಾಗರ

ಎಲ್ಲರಿಗೂ ನಮಸ್ಕಾರ. ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟು ನಿವೃತ್ತಿಯಾದವನು ನಾನು. ಕಳೆದ ವರ್ಷ ನನ್ನ ತಂಗಿಗೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ರೇಡಿಯೇಷನ್ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೊಟ್ಟರು. ಈಗ ಹುಷಾರಾಗಿದ್ದಾಳೆ. ಆ ವಾರಗಳಲ್ಲಿ ಅವಳ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಡ್ರಿಪ್ಪಿನ ಹನಿ ಎಣಿಸುತ್ತಾ ಕೂತಿರುತ್ತಿದ್ದೆ.

ಒಂದು ದಿನ ಪಕ್ಕದ ಮಂಚದಲ್ಲಿ ಗಲಾಟೆ. ಅಲ್ಲಿದ್ದ ಹಿರಿಯರಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಜೊತೆಗೆ ಸಕ್ಕರೆ ಕಾಯಿಲೆ. ಅವರಿಗೆ ಕೊಡಬೇಕಿದ್ದ ಔಷಧಿ ಆಕ್ಸಾಲಿಪ್ಲಾಟಿನ್. ಅದನ್ನು ಗ್ಲೂಕೋಸ್ ಬಾಟ್ಲಿಯಲ್ಲಿ ಬೆರೆಸಿ ತಂದಿದ್ದರು. ಮಗನಿಗೆ ಸಿಟ್ಟು ಬಂತು. "ನಮ್ಮಪ್ಪನಿಗೆ ಶುಗರ್ ಇದೆ, ಗ್ಲೂಕೋಸ್ ಯಾಕೆ ಏರಿಸ್ತೀರಿ? ಆ ಯಮ್ಮನಿಗೆ ಹಾಕಿರೋ ಉಪ್ಪುನೀರಿನ ಬಾಟ್ಲಿನೇ ಹಾಕಿ" ಅಂತ ನನ್ನ ತಂಗಿಯ ಕಡೆ ಕೈ ತೋರಿಸಿದ. "ಇದಕ್ಕೆ ಇದೇ ಹಾಕಬೇಕು" ಅಂದರು, ಅಷ್ಟೇ. ಯಾಕೆ ಅಂತ ಹೇಳಲು ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಪೇಪರ್ ಅಂಚಿನಲ್ಲಿ ಚಿತ್ರ ಬರೆದು ಆ ಹುಡುಗನಿಗೆ ವಿವರಿಸಿದೆ. ಐದು ನಿಮಿಷದಲ್ಲಿ ಅವನ ಮುಖ ಸಡಿಲವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸಿಸ್‌ಪ್ಲಾಟಿನ್ ಬಹಳ ಚಿಕ್ಕ ಅಣು. ನಡುವೆ ಒಂದು ಪ್ಲಾಟಿನಂ ಪರಮಾಣು. ಸುತ್ತ ಚಪ್ಪಟೆ ಚೌಕದ ನಾಲ್ಕು ಮೂಲೆ. ಒಂದು ಬದಿಯ ಎರಡು ಮೂಲೆಗಳಲ್ಲಿ ಅಮೋನಿಯಾ, ಇನ್ನೊಂದು ಬದಿಯ ಎರಡು ಮೂಲೆಗಳಲ್ಲಿ ಕ್ಲೋರೈಡ್. ಅಮೋನಿಯಾ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಕ್ಲೋರೈಡಿನ ಹಿಡಿತ ಸಡಿಲ. ಅದು ಬಿಟ್ಟು ಹೋಗಬಲ್ಲದು, ಅದರ ಜಾಗಕ್ಕೆ ನೀರು ಬಂದು ಕೂರಬಲ್ಲದು. ಸುತ್ತ ಕ್ಲೋರೈಡ್ ತುಂಬಾ ಇದ್ದರೆ ಮಾತ್ರ ಒಂದು ಹೋದರೂ ಇನ್ನೊಂದು ಬಂದು ಆ ಜಾಗ ತುಂಬುತ್ತದೆ.

ನಮ್ಮ ರಕ್ತ ಉಪ್ಪುಪ್ಪು, ಅಲ್ವಾ? ಅದರಲ್ಲಿ ಕ್ಲೋರೈಡ್ ಸುಮಾರು 100 ಮಿಲಿಮೋಲಾರ್ (ದ್ರವದಲ್ಲಿ ಎಷ್ಟು ಕರಗಿದೆ ಎಂಬುದರ ಅಳತೆ) ಇರುತ್ತದೆ. ಹಾಗಾಗಿ ರಕ್ತದಲ್ಲಿ ಹರಿಯುವಾಗ ಸಿಸ್‌ಪ್ಲಾಟಿನ್ ಹೆಚ್ಚುಪಾಲು ಹಾಗೇ ಇರುತ್ತದೆ. ಜೀವಕೋಶದ ಒಳಗೆ ಕ್ಲೋರೈಡ್ ಬಹಳ ಕಡಿಮೆ. ಒಳಗೆ ಕಾಲಿಟ್ಟ ಮೇಲೆ ಕ್ಲೋರೈಡ್ ಕಳಚಿ ನೀರು ಬಂದು ಕೂರುತ್ತದೆ. ನೀರು ಹಿಡಿದ ಪ್ಲಾಟಿನಂ ತುಂಬಾ ಚುರುಕು. ಅದು ಡಿಎನ್‌ಎ ಹುಡುಕಿಕೊಂಡು ಹೋಗಿ ಗ್ವಾನಿನ್ ಎಂಬ ಅಕ್ಷರದ ಒಂದು ಸಾರಜನಕವನ್ನು ಹಿಡಿಯುತ್ತದೆ. ಆಮೇಲೆ ಇನ್ನೊಂದು ಮೂಲೆಯಿಂದ ಪಕ್ಕದ ಗ್ವಾನಿನ್ನನ್ನೂ ಹಿಡಿಯುತ್ತದೆ. ಎರಡು ಅಕ್ಷರ ಒಂದಕ್ಕೊಂದು ಕಟ್ಟಿಬಿದ್ದು ಡಿಎನ್‌ಎ ಏಣಿ ಅಲ್ಲಿ ಸೊಟ್ಟಗಾಗುತ್ತದೆ. ಕೋಶ ಆ ಏಣಿಯನ್ನು ನಕಲು ಮಾಡಲು ಹೋದಾಗ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸರಿ ಮಾಡಲು ಆಗದಿದ್ದರೆ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುತ್ತದೆ.

ಈಗ ಬಾಟ್ಲಿಗೆ ಬನ್ನಿ. ಸಲೈನ್ ಅಂದರೆ ಉಪ್ಪುನೀರು, ಲೀಟರಿಗೆ 9 ಗ್ರಾಂ ಉಪ್ಪು. ಅದರಲ್ಲಿರುವ ಕ್ಲೋರೈಡ್ ಸಿಸ್‌ಪ್ಲಾಟಿನ್‌ಗೆ ಕಾವಲು. ಅದನ್ನೇ ಬರೀ ಗ್ಲೂಕೋಸ್ ನೀರಿಗೆ ಹಾಕಿದರೆ ಬಾಟ್ಲಿಯಲ್ಲೇ ಕ್ಲೋರೈಡ್ ಕಳಚಲು ಶುರುವಾಗುತ್ತದೆ. ಆಕ್ಸಾಲಿಪ್ಲಾಟಿನ್‌ನದು ಇದಕ್ಕೆ ತದ್ವಿರುದ್ಧ. ಅದರಲ್ಲಿ ಕ್ಲೋರೈಡೇ ಇಲ್ಲ. ಎರಡು ಮೂಲೆಗಳನ್ನು ಆಕ್ಸಲೇಟ್ ಎಂಬ ಒಂದೇ ಗುಂಪು ಇಕ್ಕಳದ ಹಾಗೆ ಹಿಡಿದಿರುತ್ತದೆ. ಅದನ್ನು ಉಪ್ಪುನೀರಿಗೆ ಹಾಕಿದರೆ ಅಲ್ಲಿನ ಕ್ಲೋರೈಡ್ ನುಗ್ಗಿ ಆಕ್ಸಲೇಟನ್ನು ತಳ್ಳಿಹಾಕುತ್ತದೆ. ರೋಗಿಯ ಮೈಗೆ ಸೇರುವ ಮೊದಲೇ ಔಷಧಿ ಬೇರೆ ವಸ್ತುವಾಗಿರುತ್ತದೆ.

ಆದ್ದರಿಂದ ಶುಗರ್ ಇದ್ದವರಿಗೂ ಗ್ಲೂಕೋಸ್ ಬಾಟ್ಲಿಯೇ. ಶೇಕಡಾ 5ರ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಶುಗರ್ ನೋಡಿಕೊಂಡು, ಬೇಕಾದರೆ ಇನ್ಸುಲಿನ್ ಹೊಂದಿಸುತ್ತಾರೆ.

ಕೀಮೋ ಅಂದರೆ ಸುಮ್ನೆ ವಿಷ ಏರಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಪ್ರತಿ ಔಷಧಿಗೂ ಒಂದು ಗೊತ್ತಾದ ಕೆಲಸ, ಗೊತ್ತಾದ ಜಾಗ ಇದೆ. ಅದು ತಿಳಿದರೆ ವಾರ್ಡಿನಲ್ಲಿ ಹೇಳುವ ಒಂದೊಂದು ಸೂಚನೆಗೂ ಅರ್ಥ ಸಿಗುತ್ತದೆ. ನಿಮ್ಮ ಅನುಭವ, ಪ್ರಶ್ನೆ ಏನಿದ್ದರೂ ಕೇಳಿ. ಔಷಧಿ ಬದಲಾಯಿಸುವ, ನಿಲ್ಲಿಸುವ ಮಾತು ಮಾತ್ರ ನಿಮ್ಮ ಡಾಕ್ಟರ ಹತ್ತಿರವೇ ಆಗಲಿ.

ಹುಬ್ಬಳ್ಳಿ_ಹುಡುಗ

ಸರ್, ಬಹಳ ಚಲೋ ಬರೆದೀರಿ. ಒಂದು ಸಣ್ಣ ಪ್ರಶ್ನೆ. ಪ್ಲಾಟಿನಂ ಅಂದ್ರೆ ಉಂಗುರ ಮಾಡುವ ಲೋಹ ಅಲ್ಲೇನ್ರಿ? ಅದು ಮೈಯೊಳಗೆ ಹೋದರೆ ತೊಂದರೆ ಆಗೂದಿಲ್ಲೇನು?

ಮೇಷ್ಟ್ರು_ಸಾಗರ

ಉಂಗುರದ ಪ್ಲಾಟಿನಂ ಯಾರ ಜೊತೆಗೂ ಸುಲಭಕ್ಕೆ ಸೇರದ ಲೋಹ. ಅದನ್ನು ಜೀವಮಾನವಿಡೀ ಬೆರಳಲ್ಲಿ ಇಟ್ಟುಕೊಂಡರೂ ಏನೂ ಆಗುವುದಿಲ್ಲ. ಇಲ್ಲಿರುವುದು ಅದರ ಸಂಯುಕ್ತ. ಸೋಡಿಯಂ ಲೋಹ ನೀರಿಗೆ ಬಿದ್ದರೆ ಹೊತ್ತಿ ಉರಿಯುತ್ತದೆ, ಅದೇ ಸೋಡಿಯಂ ಅಡುಗೆ ಉಪ್ಪಿನಲ್ಲಿ ತೆಪ್ಪಗಿರುತ್ತದೆ. ಪ್ಲಾಟಿನಂ ಕಥೆ ಅದಕ್ಕೆ ಉಲ್ಟಾ.

ತೊಂದರೆ ಖಂಡಿತ ಇದೆ. ಮೂತ್ರಪಿಂಡದ ಕೊಳವೆಗಳ ಕೋಶಗಳು ಸಿಸ್‌ಪ್ಲಾಟಿನನ್ನು ಒಳಗೆ ಎಳೆದುಕೊಳ್ಳುತ್ತವೆ, ಅಲ್ಲಿ ಪೆಟ್ಟು ಬೀಳುತ್ತದೆ. ಕಿವಿಗೂ ಬೀಳುತ್ತದೆ. ಮೊದಲು ಹೋಗುವುದು ಕೀರಲು ದನಿ ಕೇಳುವ ಶಕ್ತಿ. ನನ್ನ ತಂಗಿಗೆ ನಾಲ್ಕನೇ ವಾರ ಕಿವಿಯಲ್ಲಿ ಗುಂಯ್ ಅನ್ನಲು ಶುರುವಾದಾಗ ಅವಳು ಯಾರಿಗೂ ಹೇಳಿರಲಿಲ್ಲ, ಔಷಧಿ ನಿಲ್ಲಿಸಿಬಿಡುತ್ತಾರೆ ಅಂತ ಹೆದರಿಕೆ. ದಯವಿಟ್ಟು ಹೀಗೆ ಮಾಡಬೇಡಿ. ಕಿವಿ ಗುಂಯ್ ಅಂದರೆ ಅವತ್ತೇ ಹೇಳಿ.

ವಾರ್ಡ್_ಸಿಸ್ಟರ್

ಮೇಷ್ಟ್ರೇ, ಹದಿನಾಲ್ಕು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಪುರುಸೊತ್ತಿಲ್ಲ ಅಂತ ನೀವು ಬರೆದದ್ದು ನಿಜ. ಒಂದೊಂದು ದಿನ ಒಬ್ಬರೇ ಹತ್ತು ಹನ್ನೆರಡು ಡ್ರಿಪ್ ನೋಡಿಕೊಳ್ಳುತ್ತೇವೆ. ಆದರೂ ಯಾಕೆ ಅಂತ ಕೇಳಿದವರಿಗೆ ಉತ್ತರ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ.

ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟ ಎರಡು ಮೂರು ವಿಷಯ ಸೇರಿಸುತ್ತೇನೆ. ಸಿಸ್‌ಪ್ಲಾಟಿನ್‌ಗೆ ಅಲ್ಯೂಮಿನಿಯಂ ಭಾಗ ಇರುವ ಸೂಜಿ, ಸೆಟ್ ಮುಟ್ಟಿಸಬಾರದು. ಅಲ್ಯೂಮಿನಿಯಂ ಜೊತೆ ಸೇರಿದರೆ ಪ್ಲಾಟಿನಂ ಕಪ್ಪಗೆ ಕೆಳಗೆ ಕೂರುತ್ತದೆ. ಅದನ್ನು ಫ್ರಿಡ್ಜಿನಲ್ಲಿ ಇಡುವ ಹಾಗೂ ಇಲ್ಲ, ಹರಳು ಕಟ್ಟುತ್ತದೆ. ಡ್ರಿಪ್ಪಿನ ಹಿಂದೆ ಮುಂದೆ ಲೀಟರ್‌ಗಟ್ಟಲೆ ಸಲೈನ್ ಹಾಕುವುದು ಮೂತ್ರಪಿಂಡದಲ್ಲಿ ಔಷಧಿ ನಿಲ್ಲದೆ ತೊಳೆದು ಹೋಗಲಿ ಅಂತ. ಅದಕ್ಕೇ ಮೂತ್ರ ಎಷ್ಟಾಯಿತು ಅಂತ ಅಳತೆ ಬರೆದಿಡಿ ಅನ್ನುತ್ತೇವೆ. ಮೆಗ್ನೀಷಿಯಂ ಮೂತ್ರದಲ್ಲಿ ಸೋರಿ ಹೋಗುತ್ತದೆ, ಅದನ್ನೂ ಬಾಟ್ಲಿಗೆ ಸೇರಿಸಿ ಕೊಡುತ್ತೇವೆ.

ಆಕ್ಸಾಲಿಪ್ಲಾಟಿನ್ ತಗೊಂಡವರು ತಣ್ಣಗಿನದು ಮುಟ್ಟಬಾರದು. ಫ್ರಿಡ್ಜ್ ನೀರು ಕುಡಿದರೆ ಗಂಟಲು ಕಟ್ಟಿದ ಹಾಗಾಗುತ್ತದೆ. ತಣ್ಣನೆ ಸ್ಟೀಲ್ ಚೊಂಬು ಹಿಡಿದರೆ ಬೆರಳಲ್ಲಿ ಕರೆಂಟ್ ಹೊಡೆದ ಹಾಗೆ ಜುಮ್ ಅನ್ನುತ್ತದೆ. ಹಾಲಿನ ಪ್ಯಾಕೆಟ್ ತೆಗೆಯಲು ಫ್ರಿಡ್ಜಿಗೆ ಕೈ ಹಾಕಿ ಕಿರುಚಿಕೊಂಡವರನ್ನು ನೋಡಿದ್ದೇನೆ. ಮನೆಯವರೇ ತೆಗೆದುಕೊಡಿ.

ಚೈತ್ರ_ಎಂಎಸ್ಸಿ

ಸಿಸ್ಟರ್, ತಣ್ಣಗಿನದಕ್ಕೆ ಹೀಗಾಗುವುದಕ್ಕೆ ಒಂದು ವಿವರಣೆ ಓದಿದ್ದೆ. ಕಳಚಿ ಹೋದ ಆಕ್ಸಲೇಟ್ ನರಗಳ ಹತ್ತಿರದ ಕ್ಯಾಲ್ಸಿಯಮ್ಮನ್ನು ಹಿಡಿಯುತ್ತದೆ, ಆಗ ನರದ ಸೋಡಿಯಂ ಬಾಗಿಲುಗಳು ಹದ ತಪ್ಪುತ್ತವೆ ಅಂತ. ಟೊಮೆಟೊ, ಪಾಲಕ್‌ನಲ್ಲಿ ಇರುವ ಅದೇ ಆಕ್ಸಲೇಟ್!

ಮೇಷ್ಟ್ರೇ, ನಾನು ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ನನ್ನ ಎರಡು ಪ್ರಶ್ನೆ. ಪ್ಲಾಟಿನಂ ಔಷಧಿಯಾಗಬಹುದು ಅಂತ ಯಾರಿಗೆ ಹೊಳೆಯಿತು? ಮತ್ತೆ, ಡಿಎನ್‌ಎ ಎಲ್ಲಾ ಕೋಶದಲ್ಲೂ ಇದೆಯಲ್ಲ, ಕ್ಯಾನ್ಸರ್ ಕೋಶವೇ ಯಾಕೆ ಸಾಯಬೇಕು?

ಮೇಷ್ಟ್ರು_ಸಾಗರ

ಚೈತ್ರಾ, ಮೊದಲನೆಯದರ ಕಥೆ ಹೇಳುವುದೆಂದರೆ ನನಗೆ ಇವತ್ತಿಗೂ ಖುಷಿ.

ಆ ಸಂಯುಕ್ತ ಹಳೆಯದು. ಇಟಲಿಯ ಮಿಕೆಲೆ ಪೆರೋನೆ 1840ರ ದಶಕದಲ್ಲೇ ಅದನ್ನು ತಯಾರಿಸಿದ್ದ. 1893ರಲ್ಲಿ ಆಲ್ಫ್ರೆಡ್ ವೆರ್ನರ್ ಅದು ಚಪ್ಪಟೆ ಚೌಕ ಅಂತ ತರ್ಕದಿಂದಲೇ ಹೇಳಿದ. ನೂರಕ್ಕೂ ಹೆಚ್ಚು ವರ್ಷ ಅದು ಪಾಠದ ಪುಸ್ತಕದಲ್ಲೇ ಕೂತಿತ್ತು.

ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅಂತ ಒಬ್ಬ ಭೌತಶಾಸ್ತ್ರದವನಿದ್ದ. ಕೋಶ ಎರಡಾಗುವಾಗ ಅದರೊಳಗೆ ಕಾಣುವ ಎಳೆಗಳ ಚಿತ್ರ ನೋಡಿ ಅವನಿಗೆ ಅಯಸ್ಕಾಂತದ ಸುತ್ತ ಕಬ್ಬಿಣದ ಪುಡಿ ಜೋಡಿಸಿಕೊಳ್ಳುವುದು ನೆನಪಾಯಿತು. ವಿದ್ಯುತ್ ಹರಿಸಿದರೆ ಕೋಶ ವಿಭಜನೆ ಬದಲಾಗುತ್ತದೆಯೇ ನೋಡೋಣ ಅಂತ ಬ್ಯಾಕ್ಟೀರಿಯಾ ಬೆಳೆಯುವ ದ್ರವದಲ್ಲಿ ಪ್ಲಾಟಿನಂ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಟ್ಟ. ಪ್ಲಾಟಿನಂ ಯಾರ ಜೊತೆಗೂ ಸೇರುವುದಿಲ್ಲ ಎಂಬ ಧೈರ್ಯಕ್ಕೇ ಆ ಲೋಹ ಆರಿಸಿದ್ದು. ಬ್ಯಾಕ್ಟೀರಿಯಾ ಎರಡಾಗುವುದನ್ನು ನಿಲ್ಲಿಸಿ ಸೇಮಿಗೆಯ ಹಾಗೆ ಉದ್ದುದ್ದ ಬೆಳೆದವು, ಮಾಮೂಲಿಗಿಂತ 300 ಪಟ್ಟಿನವರೆಗೆ. ಕಾರಣ ಹುಡುಕಿದಾಗ ಕರೆಂಟ್ ಅಲ್ಲ ಅಂತ ಗೊತ್ತಾಯಿತು. ಕಡ್ಡಿಯಿಂದ ಕರಗಿದ ಒಂಚೂರು ಪ್ಲಾಟಿನಂ, ದ್ರವದಲ್ಲಿದ್ದ ಅಮೋನಿಯಂ ಕ್ಲೋರೈಡ್ ಜೊತೆ ಸೇರಿ ಮಾಡಿದ ಕೆಲಸ ಅದು. 1965ರಲ್ಲಿ ಇದನ್ನು ಪ್ರಕಟಿಸಿದ. 1969ರ ಹೊತ್ತಿಗೆ ಇಲಿಗಳ ಗಡ್ಡೆ ಕರಗುವುದನ್ನು ತೋರಿಸಿದ. 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಇನ್ನೊಂದು ಸಂಗತಿ. ಎರಡು ಕ್ಲೋರೈಡುಗಳನ್ನು ಎದುರುಬದುರು ಮೂಲೆಗೆ ಇಟ್ಟರೆ ಅದು ಟ್ರಾನ್ಸ್‌ಪ್ಲಾಟಿನ್. ಅದೇ ಪರಮಾಣುಗಳು, ಅದೇ ಲೆಕ್ಕ. ಕ್ಯಾನ್ಸರಿಗೆ ಮಾತ್ರ ಉಪಯೋಗವಿಲ್ಲ. ಎರಡು ಹಿಡಿಗಳು ಒಂದೇ ಬದಿಯಲ್ಲಿದ್ದರೆ ತಾನೇ ಅಕ್ಕಪಕ್ಕದ ಎರಡು ಗ್ವಾನಿನ್ ಹಿಡಿಯಲು ಸಾಧ್ಯ? ಸಿಸ್, ಟ್ರಾನ್ಸ್ ಪಾಠ ಮಾಡುವಾಗ "ಇದನ್ನು ಕಲಿತು ಏನು ಪ್ರಯೋಜನ ಸಾರ್" ಅಂತ ಹಿಂದಿನ ಬೆಂಚಿನಿಂದ ಕೇಳುತ್ತಿದ್ದರು. ಈಗ ಅವರೆಲ್ಲ ಸಿಕ್ಕರೆ ಆ ವಾರ್ಡಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ.

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಈ ಔಷಧಿಗೆ ಕ್ಯಾನ್ಸರ್ ಕೋಶ ಯಾವುದು, ಒಳ್ಳೆಯದು ಯಾವುದು ಅಂತ ಗೊತ್ತಾಗುವುದಿಲ್ಲ. ಎಲ್ಲರ ಡಿಎನ್‌ಎಗೂ ಅಂಟುತ್ತದೆ. ವ್ಯತ್ಯಾಸ ಆಮೇಲಿನದು. ಬೇಗ ಬೇಗ ಎರಡಾಗುವ ಕೋಶಕ್ಕೆ ರಿಪೇರಿಗೆ ಸಮಯ ಸಿಗುವುದಿಲ್ಲ. ಕೂದಲಿನ ಬೇರು, ಬಾಯಿಯ ಒಳಚರ್ಮ, ಮೂಳೆಯೊಳಗಿನ ರಕ್ತ ತಯಾರಿಸುವ ಮಜ್ಜೆ ಕೂಡ ಹೀಗೇ ಸದಾ ಎರಡಾಗುತ್ತಿರುವವು. ಕೀಮೋದಲ್ಲಿ ಬಾಯಿ ಹುಣ್ಣು, ರಕ್ತಕಣಗಳ ಕೌಂಟ್ ಇಳಿಯುವುದು, ಕೂದಲು ಉದುರುವುದು ಎಲ್ಲ ಅದಕ್ಕೇ. ಕೆಲವು ಕ್ಯಾನ್ಸರ್ ಕೋಶಗಳಿಗೆ ರಿಪೇರಿ ಸಾಮಾನೇ ಕಡಿಮೆ. ವೃಷಣದ ಕ್ಯಾನ್ಸರ್ ಹಾಗಿನದು. 1970ರ ದಶಕದಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಲಾರೆನ್ಸ್ ಐನ್‌ಹಾರ್ನ್ ಸಿಸ್‌ಪ್ಲಾಟಿನ್ ಸೇರಿಸಿ ಚಿಕಿತ್ಸೆ ಶುರು ಮಾಡಿದ ಮೇಲೆ, ಅದು ಮೈಯೆಲ್ಲಾ ಹರಡಿದ ಹುಡುಗರು ಕೂಡ ಬದುಕಿ ಮನೆಗೆ ಹೋಗತೊಡಗಿದರು.

ಮಂಡ್ಯ_ಮಗಳು

ಸರ್, ನಮ್ಮಮ್ಮನಿಗೆ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿದೆ. ಡ್ರಿಪ್ ಇಲ್ಲ, ಕೆಪೆಸಿಟಬಿನ್ ಮಾತ್ರೆ ಕೊಟ್ಟಿದ್ದಾರೆ. ಎರಡು ವಾರ ನುಂಗಬೇಕು, ಒಂದು ವಾರ ಬಿಡಬೇಕು. ಅಂಗೈ ಅಂಗಾಲು ಕೆಂಪಗಾಗಿ ಸಿಪ್ಪೆ ಏಳುತ್ತಿದೆ. ಹೋದ ತಿಂಗಳು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ ತಗೊಳ್ಳಲೇ ಇಲ್ಲ. ಐದು ಬೆರಳೂ ಇಟ್ಟು ನೋಡಿದೆವು. ಹಿಂದೆ ಸಾಲಲ್ಲಿ ನಿಂತವರು ಗೊಣಗಿದರು, ಅಮ್ಮ ಅಕ್ಕಿ ಚೀಲ ಮಡಚಿಕೊಂಡು ಅಳುತ್ತಾ ಬಂದರು. ಔಷಧಿಗೂ ಇದಕ್ಕೂ ಸಂಬಂಧ ಇದೆಯಾ?

ಫಾರ್ಮಸಿ_ಲೀಡ್ಸ್

ತಂಗಿ, ಖಂಡಿತ ಇದೆ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ, ಊರು ಚನ್ನಪಟ್ಟಣದ ಹತ್ತಿರ. ಕೆಪೆಸಿಟಬಿನ್ ತಗೊಳ್ಳುವವರಲ್ಲಿ ಬೆರಳಿನ ಗೆರೆ ಸವೆಯುವುದು ಎಲ್ಲರಿಗೂ ಗೊತ್ತಿರುವ ವಿಷಯ. ಸಿಂಗಪುರದ ಒಬ್ಬರನ್ನು ಇದೇ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ತಡೆದು ನಿಲ್ಲಿಸಿದ್ದರು. 2009ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಟ್ಟುಕೊಳ್ಳಿ. ಆಧಾರ್‌ನಲ್ಲಿ ಕಣ್ಣಿನ ಗುರುತೂ ಇರುತ್ತದೆ, ಬೆರಳಿನ ಬದಲು ಅದರಿಂದ ಆಗುತ್ತದೆಯೇ ಕೇಳಿ. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಗೆರೆ ಮತ್ತೆ ಮೂಡುತ್ತದೆ. ಸಿಪ್ಪೆ ಎದ್ದು ನೋವಾಗುತ್ತಿದ್ದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಫೋನ್ ಮಾಡಿ ತಿಳಿಸಿ. ಡೋಸ್ ಹೊಂದಿಸುತ್ತಾರೆ.

ಕೆಪೆಸಿಟಬಿನ್ ಮಾತ್ರೆ ನುಂಗುವಾಗ ಇನ್ನೂ ಔಷಧಿ ಆಗಿರುವುದಿಲ್ಲ. ಮೈಯೊಳಗೆ ಮೂರು ಹಂತ ದಾಟಿ 5-ಎಫ್‌ಯು (5-ಫ್ಲೋರೋಯುರಾಸಿಲ್) ಎಂಬ ಕೀಮೋ ಔಷಧಿ ಆಗುತ್ತದೆ. ಕೊನೆಯ ಹಂತ ಮಾಡುವ ಕಿಣ್ವ ಎಷ್ಟೋ ಗಡ್ಡೆಗಳಲ್ಲಿ ಜಾಸ್ತಿ ಇರುತ್ತದೆ. 5-ಎಫ್‌ಯು ಹೇಗೆ ಕೆಲಸ ಮಾಡುತ್ತದೆ ಅಂತ ಮೇಷ್ಟ್ರೇ ಹೇಳಲಿ.

ಮೇಷ್ಟ್ರು_ಸಾಗರ

ಮಗಳೇ, ಅಮ್ಮನಿಗೆ ಹೇಳು, ಅವರ ಬೆರಳಿನದೂ ತಪ್ಪಲ್ಲ, ಅವರದೂ ತಪ್ಪಲ್ಲ.

5-ಎಫ್‌ಯು ನನಗೆ ಬಹಳ ಇಷ್ಟವಾದ ಅಣು. ಯುರಾಸಿಲ್ ಎಂಬ ಅಕ್ಷರ ಆರ್‌ಎನ್‌ಎಯಲ್ಲಿ ಇರುತ್ತದೆ. ಇಲಿಯ ಲಿವರ್ ಗಡ್ಡೆಗಳು ಯುರಾಸಿಲ್ಲನ್ನು ಒಳ್ಳೆಯ ಅಂಗಾಂಶಕ್ಕಿಂತ ಜಾಸ್ತಿ ಬಳಸುತ್ತವೆ ಅಂತ 1950ರ ದಶಕದಲ್ಲಿ ಗೊತ್ತಾಯಿತು. ಚಾರ್ಲ್ಸ್ ಹೈಡೆಲ್‌ಬರ್ಗರ್ ಎಂಬ ರಸಾಯನಶಾಸ್ತ್ರಜ್ಞ ಅದನ್ನೇ ಹಿಡಿದುಕೊಂಡ. ಯುರಾಸಿಲ್ಲಿನ ಐದನೇ ಇಂಗಾಲದ ಮೇಲೆ ಒಂದು ಜಲಜನಕ ಇದೆ. ಅದನ್ನು ತೆಗೆದು ಫ್ಲೋರಿನ್ ಕೂರಿಸಿದ. ಇದು 1957ರ ಮಾತು. ಬದಲಾದದ್ದು ಒಂದೇ ಒಂದು ಪರಮಾಣು.

ಫ್ಲೋರಿನ್ ಗಾತ್ರದಲ್ಲಿ ಜಲಜನಕಕ್ಕಿಂತ ಸ್ವಲ್ಪವೇ ದೊಡ್ಡದು. ಹಾಗಾಗಿ ಕೋಶಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಮನೆಯವನೇ ಅಂತ ಒಳಗೆ ಬಿಟ್ಟುಕೊಳ್ಳುತ್ತದೆ. ಡಿಎನ್‌ಎಗೆ ಬೇಕಾದ ಥೈಮಿನ್ ತಯಾರಾಗುವುದು ಯುರಾಸಿಲ್ಲಿಗೆ ಒಂದು ಮೀಥೈಲ್ ಗುಂಪು ಸೇರಿಸಿ. ಸೇರಿಸುವ ಜಾಗ ಅದೇ ಐದನೇ ಇಂಗಾಲ. ಥೈಮಿಡಿಲೇಟ್ ಸಿಂಥೇಸ್ ಎಂಬ ಕಿಣ್ವ ಮೊದಲು ಯುರಾಸಿಲ್ಲನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಫೋಲೇಟ್, ಅಂದರೆ ಫೋಲಿಕ್ ಆಮ್ಲದ ಗುಂಪಿನ ವಿಟಮಿನ್, ತಂದುಕೊಟ್ಟ ಇಂಗಾಲವನ್ನು ಜೋಡಿಸುತ್ತದೆ. ಕೊನೆಗೆ ಆ ಜಾಗದ ಜಲಜನಕವನ್ನು ಕಿತ್ತು ಎಲ್ಲವನ್ನೂ ಬಿಡುಗಡೆ ಮಾಡಬೇಕು. ಇಲ್ಲಿ ಜಲಜನಕದ ಬದಲು ಫ್ಲೋರಿನ್ ಇದೆ. ಜಲಜನಕ ಪ್ರೋಟಾನ್ ಆಗಿ, ಅಂದರೆ ತನ್ನ ಎಲೆಕ್ಟ್ರಾನ್ ಬಿಟ್ಟು ಹೊರಡಬಲ್ಲದು. ಎಲೆಕ್ಟ್ರಾನ್ ಬಿಟ್ಟು ಹೋಗುವುದು ಫ್ಲೋರಿನ್ನಿನ ಜಾಯಮಾನದಲ್ಲೇ ಇಲ್ಲ.

ಬಾವಿಯ ಗಡಗಡೆಯಲ್ಲಿ ಹಗ್ಗ ಸಿಕ್ಕಿಕೊಂಡ ಹಾಗೆ. ಕೊಡ ಮೇಲೂ ಬಾರದು, ಕೆಳಗೂ ಇಳಿಯದು. ಕಿಣ್ವ, ಫೋಲೇಟ್, ಔಷಧಿ ಮೂರೂ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುತ್ತವೆ. ಥೈಮಿನ್ ನಿಂತಿತು, ಡಿಎನ್‌ಎ ನಕಲು ನಿಂತಿತು. ಔಷಧಿಯ ಒಂದಷ್ಟು ಪಾಲು ಆರ್‌ಎನ್‌ಎಗೂ ಸೇರಿ ಅಲ್ಲಿನ ಕೆಲಸ ಕೆಡಿಸುತ್ತದೆ.

ಚೈತ್ರ_ಎಂಎಸ್ಸಿ

ಈಗ ನನ್ನ ತಲೆ ಕೊರೆಯುತ್ತಿರುವ ಪ್ರಶ್ನೆ. ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಕೀಮೋ ಔಷಧಿಯನ್ನು ಜಾಸ್ತಿ ಡೋಸ್ ಕೊಟ್ಟಾಗ ರೋಗಿಯನ್ನು ಕಾಪಾಡಲು ಲ್ಯೂಕೊವೊರಿನ್ ಕೊಡುತ್ತಾರೆ. ಅದೇ ಲ್ಯೂಕೊವೊರಿನನ್ನು 5-ಎಫ್‌ಯು ಜೊತೆ ಕೊಡುವುದು ಔಷಧಿಯ ಪೆಟ್ಟು ಹೆಚ್ಚಾಗಲಿ ಅಂತ. ಒಂದೇ ವಸ್ತು ಒಂದು ಕಡೆ ಕಾಪಾಡುತ್ತದೆ, ಇನ್ನೊಂದು ಕಡೆ ಹೊಡೆತ ಹೆಚ್ಚಿಸುತ್ತದೆ. ಹೇಗೆ?

ಫಾರ್ಮಸಿ_ಲೀಡ್ಸ್

ಮೇಷ್ಟ್ರು ಹೇಳಿದ ಗಡಗಡೆಯಲ್ಲೇ ಉತ್ತರ ಇದೆ. ಅಲ್ಲಿ ಕಚ್ಚಿಕೊಳ್ಳುವುದು ಮೂರು ವಸ್ತು. ಅದರಲ್ಲಿ ಒಂದು ಫೋಲೇಟ್. ಲ್ಯೂಕೊವೊರಿನ್ ಕೊಟ್ಟರೆ ಕೋಶದಲ್ಲಿ ಆ ಫೋಲೇಟ್ ಜಾಸ್ತಿಯಾಗುತ್ತದೆ, ಗಂಟು ಬಿಗಿಯಾಗುತ್ತದೆ.

ಮೆಥೊಟ್ರೆಕ್ಸೇಟ್ ಹೊಡೆಯುವುದು ಬೇರೆ ಕಡೆ. ಫೋಲೇಟ್ ಒಂದು ಸಲ ಬಳಕೆಯಾದ ಮೇಲೆ ಸಪ್ಪೆಯಾಗುತ್ತದೆ, ಅದನ್ನು ಮತ್ತೆ ಚುರುಕು ಮಾಡಲು ಒಂದು ಕಿಣ್ವ ಬೇಕು. ಮೆಥೊಟ್ರೆಕ್ಸೇಟ್ ಆ ಕಿಣ್ವದ ಬಾಯಿಗೆ ಬಿರಡೆ ಹಾಕುತ್ತದೆ. ಲ್ಯೂಕೊವೊರಿನ್ ಆಗಲೇ ಚುರುಕಾಗಿರುವ ಫೋಲೇಟ್. ಮುಚ್ಚಿದ ಬಾಗಿಲಿನ ಗೊಡವೆಯೇ ಅದಕ್ಕಿಲ್ಲ. ಅದಕ್ಕೇ ಗಡಿಯಾರ ನೋಡಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಕೊಡುತ್ತೇವೆ. ತಡವಾದರೆ ಮಜ್ಜೆ, ಕರುಳು ಉಳಿಯುವುದಿಲ್ಲ.

ಮೇಷ್ಟ್ರು_ಸಾಗರ

ಈ ಫೋಲೇಟ್ ಕಥೆಯಲ್ಲಿ ನಮ್ಮ ಪಕ್ಕದ ರಾಜ್ಯದವರು ಒಬ್ಬರಿದ್ದಾರೆ. ಯೆಲ್ಲಾಪ್ರಗಡ ಸುಬ್ಬರಾವ್, 1895ರಲ್ಲಿ ಭೀಮಾವರಂನಲ್ಲಿ ಹುಟ್ಟಿದವರು. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಅವರ ತಂಡ ಫೋಲಿಕ್ ಆಮ್ಲ ತಯಾರಿಸಿತು. ಫೋಲಿಕ್ ಆಮ್ಲದ ಸುಳಿವು ಮೊದಲು ಸಿಕ್ಕಿದ್ದೂ ನಮ್ಮ ದೇಶದಲ್ಲೇ. ಲೂಸಿ ವಿಲ್ಸ್ ಎಂಬ ವೈದ್ಯೆ 1930ರ ಸುಮಾರಿಗೆ ಮುಂಬೈಯಲ್ಲಿ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುವುದನ್ನು ಕಂಡಿದ್ದರು.

ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ರಕ್ತದ ಕ್ಯಾನ್ಸರ್ ಇದ್ದ ಮಕ್ಕಳಿಗೆ ಫೋಲಿಕ್ ಬಗೆಯ ಸಂಯುಕ್ತ ಕೊಟ್ಟಾಗ ಕಾಯಿಲೆ ಇನ್ನೂ ಜೋರಾದಂತೆ ಕಂಡಿತು. ಹಾಗಾದರೆ ಫೋಲಿಕ್ಕಿಗೆ ಅಡ್ಡ ಬರುವ ವಸ್ತು ಕೊಟ್ಟರೆ? ಸುಬ್ಬರಾವ್ ತಂಡ ಅಮಿನೊಪ್ಟೆರಿನ್ ಮಾಡಿಕೊಟ್ಟಿತು. 1948ರಲ್ಲಿ ಫಾರ್ಬರ್ ವರದಿ ಬಂತು: 16 ಮಕ್ಕಳಲ್ಲಿ 10 ಮಕ್ಕಳಿಗೆ ಸ್ವಲ್ಪ ಕಾಲ ಗುಣ ಕಂಡಿತು. ಅಲ್ಲಿಯವರೆಗೆ ಆ ಕಾಯಿಲೆಗೆ ಔಷಧಿ ಅಂತಲೇ ಇರಲಿಲ್ಲ. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅಮಿನೊಪ್ಟೆರಿನ್ನಿಗೆ ಒಂದು ಮೀಥೈಲ್ ಸೇರಿಸಿದರೆ ಮೆಥೊಟ್ರೆಕ್ಸೇಟ್. ಫೋಲಿಕ್ ಆಮ್ಲಕ್ಕೂ ಅದಕ್ಕೂ ಇರುವ ವ್ಯತ್ಯಾಸ ಎರಡೇ ಕಡೆ. ಒಂದು ಕಡೆ ಆಮ್ಲಜನಕದ ಬದಲು ಅಮೈನೊ ಗುಂಪು, ಇನ್ನೊಂದು ಕಡೆ ಆ ಮೀಥೈಲ್. ಅಷ್ಟಕ್ಕೇ ಕಿಣ್ವ ಅದನ್ನು ಸಾವಿರಾರು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಕಾರ್ಕಳ_ಸೊಸೆ

ಅಯ್ಯೋ, ನಮ್ಮ ಅತ್ತೆಗೆ ಗಂಟು ನೋವಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ಕೊಟ್ಟಿದ್ದಾರೆ! ಕ್ಯಾನ್ಸರ್ ಇರುವುದನ್ನು ನಮಗೆ ಹೇಳಿಲ್ಲವಾ?

ವಾರ್ಡ್_ಸಿಸ್ಟರ್

ಗಾಬರಿ ಬೇಡ ಅಕ್ಕ. ಸಂಧಿವಾತಕ್ಕೂ ಅದನ್ನು ಕೊಡುತ್ತಾರೆ, ಆದರೆ ಬಹಳ ಕಡಿಮೆ ಪ್ರಮಾಣದಲ್ಲಿ. ಒಂದೇ ಒಂದು ವಿಷಯ ಗೋಡೆ ಮೇಲೆ ಬರೆದಿಡಿ: ಅದು ವಾರಕ್ಕೆ ಒಂದು ದಿನ. ದಿನಾ ತಗೊಳ್ಳುವ ಮಾತ್ರೆಗಳ ಡಬ್ಬಿಗೆ ಹಾಕಲೇಬೇಡಿ. ದಿನಾ ನುಂಗಿ ಬಾಯಿ ತುಂಬಾ ಹುಣ್ಣಾಗಿ, ಕೌಂಟ್ ನೆಲ ಕಚ್ಚಿ ಬಂದವರನ್ನು ನೋಡಿದ್ದೇನೆ. ಪ್ರಾಣಕ್ಕೇ ಅಪಾಯ. ಫೋಲಿಕ್ ಮಾತ್ರೆಯನ್ನೂ ಕೊಟ್ಟಿದ್ದರೆ ಹೇಳಿದ ದಿನವೇ ಕೊಡಿ.

ಹಿತ್ತಲ_ತೋಟ

ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ಮನೆ ಮುಂದೆ ನಿತ್ಯಪುಷ್ಪ ಬೇಕಾದಷ್ಟಿದೆ. ಅದರಿಂದಲೇ ಕ್ಯಾನ್ಸರ್ ಔಷಧಿ ಮಾಡುತ್ತಾರೆ ಅಂತ ಪೇಪರಿನಲ್ಲಿ ಓದಿದ್ದೇನೆ. ದಿನಾ ನಾಲ್ಕು ಎಲೆ ಕಷಾಯ ಮಾಡಿ ಕುಡಿದರೆ ಆಗುವುದಿಲ್ಲವೇ?

ಮೇಷ್ಟ್ರು_ಸಾಗರ

ನೀವು ಓದಿದ್ದು ಸರಿ. ಆದರೆ ದಯವಿಟ್ಟು ಯಾರಿಗೂ ಆ ಕಷಾಯ ಕೊಡಬೇಡಿ. ಕೈಮುಗಿದು ಕೇಳುತ್ತೇನೆ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಈ ಗಿಡದಿಂದ ಮದ್ದು ನಿಜವಾಗಿಯೂ ಬಂತು. 1950ರ ದಶಕದಲ್ಲಿ ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಈ ಎಲೆಯನ್ನು ಪರೀಕ್ಷಿಸಿದ್ದು ಸಕ್ಕರೆ ಕಾಯಿಲೆಗೆ. ಸಕ್ಕರೆ ಇಳಿಯಲಿಲ್ಲ, ಇಲಿಗಳ ಬಿಳಿ ರಕ್ತಕಣ ಇಳಿದವು. ಅಲ್ಲಿಂದ ವಿನ್‌ಬ್ಲಾಸ್ಟಿನ್, ಮುಂದೆ ವಿನ್‌ಕ್ರಿಸ್ಟಿನ್ ಬಂದವು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯಲು ಟ್ಯೂಬುಲಿನ್ ಎಂಬ ಪ್ರೋಟೀನಿನ ಹಗ್ಗ ನೇಯುತ್ತದೆ. ಇವು ಆ ಹಗ್ಗ ನೇಯಲು ಬಿಡುವುದಿಲ್ಲ. ಯೂ ಮರದ ತೊಗಟೆಯಿಂದ ಬಂದ ಪ್ಯಾಕ್ಲಿಟಾಕ್ಸೆಲ್ ಅದೇ ಹಗ್ಗವನ್ನು ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಕೋಶ ಅರ್ಧಕ್ಕೇ ನಿಲ್ಲುತ್ತದೆ.

ಈಗ ಅಳತೆ ನೋಡಿ. ಒಂದು ಗ್ರಾಂ ವಿನ್‌ಕ್ರಿಸ್ಟಿನ್ ತೆಗೆಯಲು ಕ್ವಿಂಟಲ್‌ಗಟ್ಟಲೆ ಒಣ ಎಲೆ ಬೇಕು. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟುವುದಿಲ್ಲ. ದಾಟಿದರೆ ನರ ಹಾಳು. ನಾಲ್ಕು ಎಲೆಯಲ್ಲಿ ಗಡ್ಡೆಗೆ ಸಾಲುವಷ್ಟು ಔಷಧಿ ಇಲ್ಲ, ಹೊಟ್ಟೆ ಕೆಡಿಸುವ ಬೇರೆ ಹತ್ತಾರು ಅಲ್ಕಲಾಯ್ಡುಗಳು ಇವೆ. ಕೀಮೋ ನಡೆಯುತ್ತಿರುವವರು ಕುಡಿದರೆ ಲಿವರಿಗೆ ಇನ್ನೊಂದು ಹೊರೆ.

ಹಿತ್ತಲ_ತೋಟ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ನಮ್ಮ ಭಾವನಿಗೆ ಕೊಡೋಣ ಅಂತ ಕೇಳಿದ್ದು. ಕೊಡುವುದಿಲ್ಲ.

ಶಿವು_ದೊಡ್ಡಬಳ್ಳಾಪುರ

ನನ್ನದೂ ಒಂದು ಸೇರಿಸುತ್ತೇನೆ. 2016ರಲ್ಲಿ ನನಗೆ ಸಿಎಂಎಲ್, ರಕ್ತದ ಕ್ಯಾನ್ಸರ್, ಬಂತು. ಅವತ್ತಿನಿಂದ ದಿನಾ ಊಟ ಆದಮೇಲೆ ದೊಡ್ಡ ಲೋಟ ನೀರಿನ ಜೊತೆ ಒಂದು ಇಮಾಟಿನಿಬ್ ಮಾತ್ರೆ. ಕೂದಲು ಉದುರಲಿಲ್ಲ, ಕೆಲಸ ಬಿಡಲಿಲ್ಲ, ಮಗಳ ಮದುವೆ ಮಾಡಿದೆ. ಇದು ಬೇರೆ ಕೀಮೋ ತರ ಯಾಕಿಲ್ಲ?

ಮೇಷ್ಟ್ರು_ಸಾಗರ

ಶಿವಣ್ಣ, ಓದಿ ಕಣ್ಣು ತುಂಬಿತು. ನಿಮ್ಮ ಕಾಯಿಲೆಯಲ್ಲಿ 9 ಮತ್ತು 22ನೇ ವರ್ಣತಂತುಗಳ ತುಂಡು ಅದಲುಬದಲಾಗಿ ಬಿಸಿಆರ್-ಏಬಲ್ ಎಂಬ ಹೊಸ ಪ್ರೋಟೀನ್ ಹುಟ್ಟಿರುತ್ತದೆ. ಅದು ನಿಲ್ಲಿಸದೆ "ಬೆಳೆ, ಬೆಳೆ" ಅಂತ ಸಂದೇಶ ಕೊಡುತ್ತದೆ. ಆ ಸಂದೇಶಕ್ಕೆ ಶಕ್ತಿ ಎಟಿಪಿ ಎಂಬ ಅಣುವಿನದು. ಪ್ರೋಟೀನಿನಲ್ಲಿ ಎಟಿಪಿ ಬಂದು ಕೂರಲು ಒಂದು ಗೂಡಿದೆ. ಇಮಾಟಿನಿಬ್ ಆ ಗೂಡಿನಲ್ಲಿ ಕೂತುಬಿಡುತ್ತದೆ. ಅದೂ ಪ್ರೋಟೀನ್ ಬಾಯಿ ಮುಚ್ಚಿ ಮಲಗಿದ ಭಂಗಿಯಲ್ಲಿದ್ದಾಗ. ಆ ಭಂಗಿ ಪ್ರತಿ ಪ್ರೋಟೀನಿನಲ್ಲೂ ಬೇರೆ ಬೇರೆ. ಹಾಗಾಗಿ ಇದು ಬೇರೆಯವರ ತಂಟೆಗೆ ಹೋಗುವುದು ಕಡಿಮೆ. ಡಿಎನ್‌ಎ ಅಂತೂ ಮುಟ್ಟುವುದೇ ಇಲ್ಲ. 2001ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಮಾತ್ರೆ ತಪ್ಪಿಸಬಾರದು ಅನ್ನುವುದಕ್ಕೂ ಇದೇ ಕಾರಣ. ಗೂಡು ಖಾಲಿಯಾದರೆ ಎಟಿಪಿ ಮತ್ತೆ ಬಂದು ಕೂರುತ್ತದೆ. ಕೆಲವರಲ್ಲಿ ಗೂಡಿನ ಬಾಗಿಲಲ್ಲಿರುವ ಥ್ರಿಯೋನಿನ್ ಎಂಬ ಅಮೈನೊ ಆಮ್ಲ ಬದಲಾಗಿ ಐಸೊಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲ ಆಗುತ್ತದೆ. ಇಮಾಟಿನಿಬ್ ಹಿಡಿದುಕೊಳ್ಳುತ್ತಿದ್ದ ಒಂದು ಜಲಜನಕ ಬಂಧ ಹೋಗುತ್ತದೆ, ಬಾಗಿಲೂ ಇಕ್ಕಟ್ಟಾಗುತ್ತದೆ. ಆಗ ಔಷಧಿ ನಾಟುವುದಿಲ್ಲ. ಅದಕ್ಕಾಗಿ ಪೊನಾಟಿನಿಬ್ ಮಾಡಿದರು. ಅದರ ನಡುವೆ ಇಂಗಾಲದ ತ್ರಿಬಂಧ ಇದೆ. ತ್ರಿಬಂಧ ಕಡ್ಡಿಯ ಹಾಗೆ ನೇರ, ಸಪೂರ. ಇಕ್ಕಟ್ಟಿನ ಬಾಗಿಲಲ್ಲೂ ನುಸುಳುತ್ತದೆ.

ಫಾರ್ಮಸಿ_ಲೀಡ್ಸ್

ಬೆಲೆಯ ವಿಷಯವನ್ನೂ ಹೇಳಬೇಕು. ಇಮಾಟಿನಿಬ್‌ನ ಹೊಸ ಹರಳಿನ ರೂಪಕ್ಕೆ ಪೇಟೆಂಟ್ ಬೇಕು ಅಂತ ನೊವಾರ್ಟಿಸ್ ಕಂಪನಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರ ಏಪ್ರಿಲ್ 1ರಂದು ಕೋರ್ಟು ಕೊಡುವುದಿಲ್ಲ ಅಂದಿತು. ಹರಳು ಬದಲಾದರೆ ಗುಣ ಹೆಚ್ಚಿತು ಅಂತ ಆಗುತ್ತದೆಯೇ ಎಂಬುದು ಅಲ್ಲಿನ ಮುಖ್ಯ ಪ್ರಶ್ನೆ. ಕಂಪನಿಯ ಮಾತ್ರೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದಾಗ ನಮ್ಮ ದೇಶದ ಜೆನೆರಿಕ್ ಮಾತ್ರೆ ಹತ್ತು ಸಾವಿರದೊಳಗೆ ಸಿಗುತ್ತಿತ್ತು. ಕೆಮಿಸ್ಟ್ರಿ ಕೋರ್ಟಿನಲ್ಲಿ ನಿಂತ ದಿನ ಅದು.

ಶಿವು_ದೊಡ್ಡಬಳ್ಳಾಪುರ

ಆ ಜೆನೆರಿಕ್ಕೇ ನಾನು ತಗೊಳ್ಳುವುದು. ಇನ್ನೊಂದು ಪ್ರಶ್ನೆ, ನಗಬೇಡಿ. ಡಾಕ್ಟರು ದ್ರಾಕ್ಷಿಹಣ್ಣು ತಿನ್ನಬೇಡಿ ಅಂದಿದ್ದರು ಅಂತ ಒಂಬತ್ತು ವರ್ಷದಿಂದ ದ್ರಾಕ್ಷಿ ಮುಟ್ಟಿಲ್ಲ. ಅದಕ್ಕೂ ಈ ಮಾತ್ರೆಗೂ ಏನು?

ಫಾರ್ಮಸಿ_ಲೀಡ್ಸ್

ಅಣ್ಣ, ಅವರು ಹೇಳಿದ್ದು ಗ್ರೇಪ್‌ಫ್ರೂಟ್ ಇರಬೇಕು. ಅದು ದ್ರಾಕ್ಷಿಯಲ್ಲ, ಕಿತ್ತಳೆ ಜಾತಿಯ ದೊಡ್ಡ ಹಣ್ಣು. ಇಮಾಟಿನಿಬ್ಬನ್ನು ಒಡೆದು ಹೊರಹಾಕುವ ಒಂದು ಕಿಣ್ವ ಲಿವರ್ ಮತ್ತು ಕರುಳಿನಲ್ಲಿದೆ. ಗ್ರೇಪ್‌ಫ್ರೂಟಿನಲ್ಲಿರುವ ಫ್ಯುರಾನೊಕೌಮರಿನ್ ಎಂಬ ವಸ್ತು ಕರುಳಿನ ಆ ಕಿಣ್ವವನ್ನು ಕೆಡಿಸುತ್ತದೆ. ಆಗ ರಕ್ತದಲ್ಲಿ ಔಷಧಿ ಮಟ್ಟ ಏರುತ್ತದೆ. ಮಾಮೂಲಿ ದ್ರಾಕ್ಷಿಯಲ್ಲಿ ಈ ತೊಂದರೆ ಇಲ್ಲ. ಮುಂದಿನ ಸಲ ಹೋದಾಗ ಡಾಕ್ಟರನ್ನು ಒಂದು ಮಾತು ಕೇಳಿ ಖಚಿತ ಮಾಡಿಕೊಳ್ಳಿ.

ಮೇಷ್ಟ್ರು_ಸಾಗರ

ಶಿವಣ್ಣ, ನೀವು ಇರುವುದು ದೇವನಹಳ್ಳಿ ಪಕ್ಕದಲ್ಲಿ. ನಿಮ್ಮ ಕಡೆಯ ಚಕ್ಕೋತ ಗ್ರೇಪ್‌ಫ್ರೂಟಿನ ಹತ್ತಿರದ ನೆಂಟ. ಅದರಲ್ಲೂ ಇದೇ ಬಗೆಯ ವಸ್ತು ಇದೆ. ಚಕ್ಕೋತ ತಿನ್ನುತ್ತಿದ್ದೀರಾ?

ಶಿವು_ದೊಡ್ಡಬಳ್ಳಾಪುರ

ಮನೆ ಹಿಂದೆಯೇ ಮರ ಇದೆ ಮೇಷ್ಟ್ರೇ. ಸೀಸನ್‌ನಲ್ಲಿ ಉಪ್ಪು ಖಾರ ಹಚ್ಚಿ ದಿನಾ ತಿನ್ನುತ್ತಿದ್ದೆ. ಸೋಮವಾರ ಬ್ಲಡ್ ಟೆಸ್ಟಿಗೆ ಹೋಗುತ್ತೇನೆ, ಡಾಕ್ಟರಿಗೆ ಹೇಳುತ್ತೇನೆ. ಹಣ್ಣು ಪಕ್ಕದ ಮನೆ ಮಕ್ಕಳಿಗೆ ಕೊಡಲು ಹೇಳಿದ್ದೇನೆ. ಬರುವಾಗ ಅರ್ಧ ಕೆಜಿ ದ್ರಾಕ್ಷಿ ತರುತ್ತೇನೆ.